ಹನ್ನೊಂದೂವರೆಯ ಆಟ

ಪರವೂರಿಗೆ ಹೋದಾಗ ಒಬ್ಬೊಬ್ಬರಿಗೆ ಒಂದೊಂದು ಗೀಳು. ನಮ್ಮ ಚಿಕ್ಕಪ್ಪ ಎಲ್ಲಿಗೇ ಹೋಗಲಿ, ಮೊದಲು ತರಕಾರಿ ಮಾರ್ಕೆಟ್ಟಿಗೆ ಹೋಗಿ ಬದನೆಕಾಯಿ ರೇಟು ವಿಚಾರಿಸುತ್ತಾರೆ, ಕೊಳ್ಳುವುದಿಲ್ಲ. ನಮ್ಮಾಕೆಗೆ ದೇವಸ್ಥಾನವಾಗಬೇಕು, ಅದರಲ್ಲೂ ಪ್ರಸಾದಕ್ಕೆ ಪುಳಿಯೋಗರೆ ಕೊಡುವ ದೇವಸ್ಥಾನ. ನನಗೆ ಟಾಕೀಸು. ಸಿನಿಮಾ ನೋಡಲೇಬೇಕೆಂದೇನೂ ಇಲ್ಲ. ಗೇಟಿನ ಮುಂದೆ ನಿಂತು, ‘ದಿನಾ ನಾಲ್ಕು ಆಟಗಳು’ ಎಂಬುದನ್ನು ಓದಿ, ತಲೆಮಾರುಗಳ ಕೈ ಉಜ್ಜಿ ಉಜ್ಜಿ ನುಣುಪಾದ ಟಿಕೆಟ್ ಕಿಂಡಿಯ ಸಿಮೆಂಟನ್ನೊಮ್ಮೆ ಸವರಿ ಬಂದರೂ ಸಾಕು, ಆ ಊರು ನೋಡಿದ ಲೆಕ್ಕ.

ಇದು ಬರೀ ಹುಚ್ಚಲ್ಲ. ನಮ್ಮ ಊರುಗಳಲ್ಲಿ ಟಾಕೀಸೇ ದಾರಿಯ ಗುರುತು. ‘ವಿನಾಯಕ ಟಾಕೀಸಿನ ಹಿಂದಿನ ಗಲ್ಲಿ, ಮೂರನೇ ಮನೆ’ ಎಂದರೆ ಪೋಸ್ಟ್‌ಮ್ಯಾನಿಗೂ ಸಾಕು, ಹೆಣ್ಣು ನೋಡಲು ಬರುವವರಿಗೂ ಸಾಕು. ಟಾಕೀಸು ಒಡೆದು ಅಲ್ಲೊಂದು ಕಲ್ಯಾಣ ಮಂಟಪ ಎದ್ದು ಇಪ್ಪತ್ತು ವರ್ಷವಾದರೂ ಆಟೋದವನು ‘ಟಾಕೀಸ್ ಹತ್ರ ತಾನೇ?’ ಎಂದೇ ಕೇಳುತ್ತಾನೆ. ಬೆಂಗಳೂರಿನಲ್ಲಂತೂ ಒಂದು ಚಿತ್ರಮಂದಿರ ಇಡೀ ಪ್ರದೇಶಕ್ಕೆ ತನ್ನ ಹೆಸರು ಕೊಟ್ಟು ತಾನು ಇಲ್ಲವಾಯಿತು. ಬಸ್ ನಿಲ್ದಾಣಕ್ಕೆ ಸರ್ಕಾರ ಕೆಂಪೇಗೌಡರ ಹೆಸರಿಟ್ಟು ಗೌರವಿಸಿತು. ಕಂಡಕ್ಟರುಗಳು ಮಾತ್ರ ಇಂದಿಗೂ ‘ಮೆಜೆಸ್ಟಿಕ್, ಮೆಜೆಸ್ಟಿಕ್’ ಎಂದೇ ಗಂಟಲು ಹರಿದುಕೊಳ್ಳುತ್ತಾರೆ. ಊರು ಕಟ್ಟಿದ ನಾಡಪ್ರಭುವನ್ನೇ ಪಕ್ಕಕ್ಕೆ ಸರಿಸಿ ನಿಂತ ಟಾಕೀಸಿನ ಶಕ್ತಿ ಸಾಮಾನ್ಯದ್ದಲ್ಲ.

ಹೀಗಿರುವಾಗ ಮುಂಬಯಿಗೆ ಹೋದವನು ಎಲ್ಲಿಗೆ ಹೋಗಬೇಕು ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಡೊಂಬಿವಲಿಯ ಅಕ್ಕನ ಮನೆಯಲ್ಲಿ ಬೆಳಗಿನ ಕಾಫಿ ಹೊತ್ತಿಗೆ ಭಾವ ನನ್ನ ದಿನಚರಿಯನ್ನು ಆಗಲೇ ಸಿದ್ಧಪಡಿಸಿದ್ದರು. “ಗೇಟ್‌ವೇ ಆಫ್ ಇಂಡಿಯಾ ನೋಡಿಬಿಡು. ಅಲ್ಲಿಂದ ದೋಣಿ ಹತ್ತಿದರೆ ಎಲಿಫೆಂಟಾ. ಸಂಜೆ ಮರೀನ್ ಡ್ರೈವ್.”

“ಭಾವ, ನನಗೆ ಮರಾಠಾ ಮಂದಿರ ನೋಡಬೇಕು.”

ಮಂದಿರ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಮ್ಮಾಕೆ ಸೀರೆ ಬದಲಿಸಲು ಒಳಗೆ ಹೊರಟಳು. “ಅತ್ತೆ, ಅದು ದೇವಸ್ಥಾನ ಅಲ್ಲ, ಥಿಯೇಟರ್” ಎಂದು ಅಕ್ಕನ ಮಗಳು ತಡೆಯದೇ ಇದ್ದಿದ್ದರೆ ಹಣ್ಣು ಕಾಯಿಯ ಬುಟ್ಟಿಯೂ ಸಿದ್ಧವಾಗುತ್ತಿತ್ತು.

“ನೀವು ನೋಡಿದ್ದೀರಲ್ಲ ಭಾವ?” ಎಂದೆ.

“ಎಲ್ಲಿ! ಮದುವೆಯಾದಾಗಿನಿಂದ ನಿನ್ನಕ್ಕನನ್ನು ಕರಕೊಂಡು ಹೋಗಬೇಕು ಅಂತಲೇ ಇದ್ದೇನೆ. ಓಡಿಹೋಗುವ ಸಿನಿಮಾ ಅಲ್ಲವಲ್ಲ ಮಾರಾಯ, ನಾಳೆಯೂ ಇರ್ತದೆ” ಎಂದರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಕೊಂಚ ಜೋರಾಯಿತು.

ಭಾವನ ಮಾತಿನಲ್ಲಿ ಸುಳ್ಳಿಲ್ಲ. ‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ’ ಬಿಡುಗಡೆಯಾದದ್ದು 1995ರ ಅಕ್ಟೋಬರ್ 20ರಂದು. ಅಂದು ಮರಾಠಾ ಮಂದಿರದ ಪರದೆ ಹತ್ತಿದ ಸಿನಿಮಾ ಇನ್ನೂ ಇಳಿದಿಲ್ಲ. ಬೆಳಗ್ಗೆ ಹನ್ನೊಂದೂವರೆಗೆ ಅದರದೊಂದು ಆಟ, ಆಮೇಲೆ ಹೊಸ ಸಿನಿಮಾಗಳ ಪಾಡು ಹೊಸ ಸಿನಿಮಾಗಳಿಗೆ. 2014ರ ಡಿಸೆಂಬರಿನಲ್ಲಿ ಸಾವಿರ ವಾರ ತುಂಬಿತು. 2025ರ ಅಕ್ಟೋಬರಿಗೆ ಮೂವತ್ತು ವರ್ಷ. ನಡುವೆ 2015ರ ಫೆಬ್ರುವರಿಯಲ್ಲಿ ‘ಇನ್ನು ಸಾಕು’ ಎಂದು ತೆಗೆದೇ ಬಿಟ್ಟಿದ್ದರು. ಜನ ಬಿಡಲಿಲ್ಲ, ಕೆಲವೇ ದಿನಗಳಲ್ಲಿ ಮತ್ತೆ ಹಾಕಬೇಕಾಯಿತು. 2020ರಲ್ಲಿ ಕೊರೊನಾ ಬಂದು ಎಲ್ಲರ ಜೊತೆ ಇದನ್ನೂ ಮನೆಯಲ್ಲಿ ಕೂರಿಸಿತು, ಅದೇ ನವೆಂಬರಿನಲ್ಲಿ ಬಾಗಿಲು ತೆರೆದಾಗ ಇದೂ ಎದ್ದು ಬಂತು. ಇಲ್ಲಿಯವರೆಗೆ ಹತ್ತು ಸಾವಿರಕ್ಕೂ ಮಿಕ್ಕಿ ಸಲ ಚಿತ್ರದ ನಾಯಕಿ ಕೊನೆಯ ದೃಶ್ಯದಲ್ಲಿ ಓಡುವ ರೈಲಿನ ಹಿಂದೆ ಓಡಿದ್ದಾಳೆ. ಒಮ್ಮೆಯೂ ತಪ್ಪಿಸಿಕೊಂಡಿಲ್ಲ. ನಮ್ಮ ಭಾವ ಡೊಂಬಿವಲಿಯಲ್ಲಿ ಎಂಟೂ ಇಪ್ಪತ್ತರ ಲೋಕಲ್ಲನ್ನು ಎಷ್ಟು ಸಲ ತಪ್ಪಿಸಿಕೊಂಡಿದ್ದಾರೆಂದು ಅಕ್ಕನನ್ನು ಕೇಳಬೇಕು.

ಕೊನೆಗೆ ಹೊರಟದ್ದು ನಾನು, ಭಾವ, ಮತ್ತು ‘ನಾಳೆಯೂ ಇರ್ತದೆ’ ಎಂಬ ಮಾತನ್ನು ಮೂರು ದಶಕ ಕೇಳಿ ಸಾಕಾಗಿದ್ದ ಅಕ್ಕ. ನಮ್ಮಾಕೆ ಮಹಾಲಕ್ಷ್ಮಿ ದೇವಸ್ಥಾನದ ದಾರಿ ಹಿಡಿದಳು. ದಾದರಿನಲ್ಲಿ ಇಳಿದು, ಸೇತುವೆ ಹತ್ತಿ, ಪಶ್ಚಿಮ ಮಾರ್ಗದ ಗಾಡಿ ಹಿಡಿದು ಮುಂಬಯಿ ಸೆಂಟ್ರಲ್. ಒಂದು ಕಡೆ ದೂರದೂರಿನ ರೈಲುಗಳ ನಿಲ್ದಾಣ, ಇನ್ನೊಂದು ಕಡೆ ರಾಜ್ಯ ಸಾರಿಗೆಯ ಬಸ್ ಡಿಪೋ, ಎರಡರ ಕೈಗೂ ಎಟುಕುವ ಜಾಗದಲ್ಲಿ ಚಿತ್ರಮಂದಿರ. ಇಷ್ಟು ವರ್ಷ ಈ ಆಟ ನಡೆದ ರಹಸ್ಯದ ಅರ್ಧ ಭಾಗ ಈ ಭೂಗೋಳದಲ್ಲೇ ಇದೆ ಎಂದು ಆಮೇಲೆ ನನಗೆ ಅನ್ನಿಸಿತು.

ಮರಾಠಾ ಮಂದಿರ ಶುರುವಾದದ್ದು 1958ರಲ್ಲಿ. ಎರಡೇ ವರ್ಷಕ್ಕೆ ಅದರ ಹಣೆಬರಹ ಬದಲಾಯಿಸಿದ್ದು ‘ಮುಘಲ್-ಎ-ಆಜಂ’. 1960ರ ಆಗಸ್ಟ್ 5ರಂದು ಆ ಚಿತ್ರದ ಪ್ರೀಮಿಯರ್ ಇಲ್ಲಿ ನಡೆಯಿತು. ಅಂದಿನ ವೈಭವ ಕೇಳಿದರೆ ನಮ್ಮ ಮೈಸೂರು ದಸರೆಯವರೂ ಹುಬ್ಬೇರಿಸಬೇಕು: ಸಿನಿಮಾದ ರೀಲಿನ ಡಬ್ಬಗಳು ಸಿಂಗರಿಸಿದ ಆನೆಯ ಮೇಲೆ, ಕಹಳೆ ಶಹನಾಯಿಗಳ ಮೇಳದೊಂದಿಗೆ ಬಂದವು. ಚಿತ್ರದ ಶೀಶ್ ಮಹಲ್ ಸೆಟ್ಟನ್ನೇ ತಂದು ಒಳಾಂಗಣದಲ್ಲಿ ನಿಲ್ಲಿಸಿದ್ದರು. ಆಹ್ವಾನ ಪತ್ರಿಕೆಗಳು ಅರಮನೆಯ ಫರ್ಮಾನುಗಳ ವೇಷದಲ್ಲಿ ಉರ್ದುವಿನಲ್ಲಿ ಹೋದವು. ಇಷ್ಟೆಲ್ಲ ಆಗುವಾಗ ಸಲೀಮನ ಪಾತ್ರದ ದಿಲೀಪ್ ಕುಮಾರ್ ಮಾತ್ರ ನಿರ್ದೇಶಕ ಕೆ. ಆಸಿಫ್ ಜೊತೆ ಮುನಿಸಿಕೊಂಡು ಪ್ರೀಮಿಯರಿಗೇ ಬರಲಿಲ್ಲ. ಮದುವೆಯ ಮನೆಯಲ್ಲಿ ಮುನಿಸಿಕೊಳ್ಳುವ ಹಕ್ಕು ಬೀಗರಿಗೆ ಮಾತ್ರ ಎಂದು ನಾವು ತಿಳಿದದ್ದು ತಪ್ಪು, ಮದುಮಗನಿಗೂ ಇದೆ.

ಮುಂಗಡ ಬುಕಿಂಗ್ ತೆರೆದಾಗ ಹೊರಗೆ ಸೇರಿದವರು ಸುಮಾರು ಒಂದು ಲಕ್ಷ ಎಂದು ಅಂದಾಜು. ಒಂದೂವರೆ ರೂಪಾಯಿಯ ಟಿಕೆಟ್ಟಿನ ಕಾಲದಲ್ಲಿ ನೂರು ರೂಪಾಯಿಯ ಟಿಕೆಟ್! ನೂರು ರೂಪಾಯಿಗೆ ಟಿಕೆಟ್ಟೂ ಒಂದು ಪುಸ್ತಕದಷ್ಟಿತ್ತು, ಚಿತ್ರದ ಬಗ್ಗೆ ಬರಹ, ಫೋಟೊ ಎಲ್ಲ ಅದರಲ್ಲೇ. ಜನ ನಾಲ್ಕೈದು ದಿನ ಸಾಲಿನಲ್ಲೇ ನಿಂತರು, ಮನೆಯವರು ಊಟ ತಂದುಕೊಟ್ಟರು. ಪೊಲೀಸರು ಬಂದರು, ಬುಕಿಂಗನ್ನು ಮೂರು ವಾರ ಮುಚ್ಚಬೇಕಾಯಿತು. ಆಮೇಲೆ ಮೂರು ವರ್ಷ ಆ ಸಿನಿಮಾ ಇಲ್ಲಿ ತುಂಬಿದ ಮಂದಿರದಲ್ಲಿ ನಡೆಯಿತು. ಅಪ್ಪನಿಗೆ ಆಫೀಸಿಗೆ ಬುತ್ತಿ ಕಟ್ಟುವ ಊರಿನಲ್ಲಿ, ಸಿನಿಮಾ ಟಿಕೆಟ್ಟಿನ ಸಾಲಿಗೂ ಬುತ್ತಿ ಕಟ್ಟಿದ ಆ ತಾಯಂದಿರನ್ನು ನೆನೆದರೆ ನನಗೆ ಅಕ್ಬರನಿಗಿಂತ ಅವರೇ ದೊಡ್ಡವರು ಅನ್ನಿಸುತ್ತದೆ. ಈಗ ಸಿನಿಮಾ ಡಿಜಿಟಲ್ ಆಗಿ ಹಾರ್ಡ್‌ಡಿಸ್ಕಿನಲ್ಲೋ ಉಪಗ್ರಹದಿಂದಲೋ ಬರುತ್ತದೆ. ಆನೆಗೆ ಆ ಕೆಲಸ ತಪ್ಪಿತು.

ಇದೇ ಪರದೆಯ ಮೇಲೆ 1972ರ ಫೆಬ್ರುವರಿ 4ರಂದು ‘ಪಾಕೀಜಾ’ ಬಂತು. ಹದಿನಾಲ್ಕು ಹದಿನೈದು ವರ್ಷ ಎಳೆದಾಡಿ ಮುಗಿದ ಸಿನಿಮಾ. ಕಾಯಿಲೆಯಲ್ಲೇ ಅದನ್ನು ಮುಗಿಸಿಕೊಟ್ಟ ಮೀನಾ ಕುಮಾರಿ ಮಾರ್ಚ್ 31ರಂದು ತೀರಿಕೊಂಡರು. ಅಲ್ಲಿಯವರೆಗೆ ಹೇಗೋ ನಡೆಯುತ್ತಿದ್ದ ಚಿತ್ರಕ್ಕೆ ಆಮೇಲೆ ಜನ ಮುಗಿಬಿದ್ದರು. ಬದುಕಿದ್ದಾಗ ಒಂದು ಟಿಕೆಟ್ಟಿಗೆ ಹಿಂದೆಮುಂದೆ ನೋಡಿ, ಹೋದ ಮೇಲೆ ಕಣ್ಣೀರು ಹಿಡಿದುಕೊಂಡು ಸಾಲು ನಿಲ್ಲುವುದು ನಮ್ಮ ಹಳೆಯ ರೂಢಿ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಟಾಕೀಸುಗಳ ವಿಷಯಕ್ಕೂ ಬೇಕಾಗುತ್ತದೆ.

ನಾವು ಬಾಲ್ಕನಿ ಟಿಕೆಟ್ ಪಡೆದೆವು. ಮೂರು ಜನರದ್ದೂ ಸೇರಿದರೆ ಮಲ್ಟಿಪ್ಲೆಕ್ಸಿನಲ್ಲಿ ಒಂದು ಡಬ್ಬಿ ಪಾಪ್‌ಕಾರ್ನ್ ಸಹ ಬರುವುದಿಲ್ಲ. ಭಾವ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ನಿವೃತ್ತರಾದವರು. ಚಿಲ್ಲರೆಯನ್ನು ಎಣಿಸಿ, ಮತ್ತೆ ಎಣಿಸಿ, “ತಪ್ಪಿ ಹೆಚ್ಚು ಕೊಟ್ಟನೇನೋ” ಎಂದು ಕಿಂಡಿಯತ್ತ ಹೊರಟಿದ್ದರು. ತಪ್ಪಿರಲಿಲ್ಲ. ದರವೇ ಅಷ್ಟು.

ಒಳಗಿನ ಜನರನ್ನು ನೋಡಿದಾಗ ನನಗೆ ಆ ದರದ ಅರ್ಥವಾಯಿತು. ನಮ್ಮ ಮುಂದಿನ ಸಾಲಿನಲ್ಲಿ ಒಬ್ಬಾತ ರೆಕ್ಸಿನ್ ಬ್ಯಾಗನ್ನು ಕಾಲ ನಡುವೆ ಭದ್ರಪಡಿಸಿ, ಅದರ ಹಿಡಿಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು, ಕರವಸ್ತ್ರದಿಂದ ಕಣ್ಣು ಮುಚ್ಚಿಕೊಂಡು ಕೂತ. ಲಂಡನ್ನಿನ ಪಾರಿವಾಳಗಳು ಹಾರುವ ಮೊದಲೇ ಗೊರಕೆ ಶುರು. ಸಂಜೆಯ ರೈಲಿಗೆ ಕಾಯುವವನಿರಬೇಕು. ಈ ಊರಿನಲ್ಲಿ ಫ್ಯಾನಿನ ಗಾಳಿಯಲ್ಲಿ, ಮೆತ್ತನೆಯ ಕುರ್ಚಿಯಲ್ಲಿ, ಯಾರೂ ‘ಏಳಪ್ಪಾ’ ಎನ್ನದೆ ಮೂರು ಗಂಟೆ ಕೂರಲು ಇಷ್ಟು ಅಗ್ಗದ ಜಾಗ ಇನ್ನೊಂದಿಲ್ಲ. ಆಚೆ ಬದಿಗೆ ಡ್ಯೂಟಿ ಮುಗಿಸಿದ ಬಸ್ಸಿನವರು ಇಬ್ಬರು, ಖಾಕಿಯ ಮೇಲಿನ ಎರಡು ಗುಂಡಿ ಬಿಚ್ಚಿ ಹಾಯಾಗಿದ್ದರು. ಮೂಲೆಗಳಲ್ಲಿ ಕಾಲೇಜಿನ ಜೋಡಿಗಳು. ಅವರು ಪರದೆಯ ಕಡೆ ನೋಡುತ್ತಿದ್ದರೆಂದು ಪ್ರಮಾಣ ಮಾಡಿ ಹೇಳಲಾರೆ. ಆ ಹುಡುಗ ಹುಡುಗಿ ಯಾರೂ ಈ ಸಿನಿಮಾ ಬಂದಾಗ ಹುಟ್ಟಿರಲಿಲ್ಲ. ಅವರ ಅಪ್ಪ ಅಮ್ಮಂದಿರೂ ಇದೇ ಮೂಲೆಯಲ್ಲಿ ಕೂತಿದ್ದರೆ ಆಶ್ಚರ್ಯವಿಲ್ಲ.

ಸಿನಿಮಾ ಶುರುವಾಯಿತು. ಇಲ್ಲಿ ಕಥೆ ಗೊತ್ತಿಲ್ಲದವರು ಯಾರೂ ಇಲ್ಲ. ನಮ್ಮೂರ ಬಯಲಾಟಕ್ಕೆ ಬಂದವರು ಕೀಚಕ ಸಾಯುತ್ತಾನೋ ಇಲ್ಲವೋ ಎಂದು ನೋಡಲು ಬರುವುದಿಲ್ಲ, ಹೇಗೆ ಸಾಯುತ್ತಾನೆ ಎಂದು ನೋಡಲು ಬರುತ್ತಾರೆ; ಇಲ್ಲಿಯೂ ಅದೇ. ಶಾರುಖ್ ಖಾನ್ ಬಾಯಿ ತೆರೆಯುವುದಕ್ಕೆ ಅರ್ಧ ಕ್ಷಣ ಮೊದಲೇ ಕೆಳಗಿನ ಸಾಲುಗಳಿಂದ ಮಾತು ಬಂದುಬಿಡುತ್ತದೆ, ಅವನೇ ಕೇಳಿಸಿಕೊಂಡು ಹೇಳುತ್ತಾನೇನೋ ಎಂಬಂತೆ. ಮೆಹಂದಿ ಹಾಡಿಗೆ ನಾಲ್ಕು ಹುಡುಗರು ಎದ್ದು ಪರದೆಯ ಮುಂದೆ ಕುಣಿದರು. ಅಮರೀಶ್ ಪುರಿ ಕಣ್ಣು ಅಗಲಿಸಿದಾಗಲೆಲ್ಲ ಯಾರೋ ಒಬ್ಬ ಮರಾಠಿಯಲ್ಲಿ ಬುದ್ಧಿ ಹೇಳುತ್ತಿದ್ದ. ನಮ್ಮ ಭಾವ ಇಂಟರ್ವೆಲ್ಲಿಗೆ ಮುಂಚೆ, “ಸ್ವಿಟ್ಜರ್ಲೆಂಡಿನಲ್ಲಿ ರೈಲು ಎಷ್ಟು ಖಾಲಿ ನೋಡು, ಸೀಟೆಲ್ಲ ಬಿಟ್ಟು ಬಾಗಿಲಲ್ಲಿ ನಿಂತಿದ್ದಾರಲ್ಲ ಮೂರ್ಖರು” ಎಂದು ಮರುಗಿದರು. ಕೊನೆಯ ರೈಲಿನ ದೃಶ್ಯ ಬಂದಾಗ ಮಾತ್ರ ಅವರೂ ಸುಮ್ಮನಾದರು. ಆ ನಿಲ್ದಾಣ ಪಂಜಾಬಿನದೇನಲ್ಲ, ಪನ್ವೇಲಿನ ಹತ್ತಿರದ ಆಪ್ಟಾ. ಅಪ್ಪ ಮಗಳ ಕೈ ಬಿಟ್ಟ ಕೂಡಲೇ ಇಡೀ ಮಂದಿರ ಶಿಳ್ಳೆ ಹೊಡೆಯಿತು. ನಿದ್ರೆಯಲ್ಲಿದ್ದ ರೆಕ್ಸಿನ್ ಬ್ಯಾಗಿನವನೂ ಸರಿಯಾಗಿ ಅದೇ ಹೊತ್ತಿಗೆ ಎದ್ದು, ಕಣ್ಣೊರೆಸಿಕೊಂಡು, ಶಿಳ್ಳೆ ಹಾಕಿ, ಬ್ಯಾಗು ತಡವಿ ನೋಡಿಕೊಂಡು ಹೊರಟ. ಎಷ್ಟನೆಯ ಸಲವೋ! ಅಕ್ಕ ಸೆರಗಿನಲ್ಲಿ ಕಣ್ಣೊರೆಸುತ್ತ ಭಾವನ ಕಡೆ ನೋಡಿದ ನೋಟದಲ್ಲಿ ಮೂವತ್ತು ವರ್ಷದ ಬಾಕಿ ಇತ್ತು.

ಹೊರಗೆ ಬಂದು ಚಹಾ ಕುಡಿಯುವಾಗ ನನಗೆ ಇನ್ನೊಂದು ಮಂದಿರ ನೆನಪಾಯಿತು. ಚರ್ನಿ ರೋಡಿನ ಹತ್ತಿರದ ರಾಯಲ್ ಒಪೆರಾ ಹೌಸ್ ಇಲ್ಲಿಂದ ದೂರವೇನಿಲ್ಲ. 1911ರಲ್ಲಿ ಐದನೆಯ ಜಾರ್ಜ್ ದೊರೆ ಬಂದು, ಕಟ್ಟಡ ಪೂರ್ತಿಯಾಗುವ ಮೊದಲೇ ಉದ್ಘಾಟನೆ ಮಾಡಿ ಹೋದ ನಾಟಕಶಾಲೆ ಅದು. ಅಪೂರ್ಣ ಕಟ್ಟಡ ಉದ್ಘಾಟಿಸುವ ಪದ್ಧತಿಯನ್ನು ನಮ್ಮ ಮಂತ್ರಿಗಳು ಕಲಿತದ್ದು ಎಲ್ಲಿಂದ ಎಂಬುದಕ್ಕೆ ಇಲ್ಲಿ ಆಧಾರ ಸಿಕ್ಕಿತು. ಬಾಲಗಂಧರ್ವ, ಪೃಥ್ವಿರಾಜ್ ಕಪೂರ್ ಮೆರೆದ ಆ ಶಾಲೆ ಸಿನಿಮಾ ಮಂದಿರವೂ ಆಯಿತು, 1993ರಲ್ಲಿ ಮುಚ್ಚಿತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಬೀಗ ಹಾಕಿಕೊಂಡಿದ್ದು, ಆಭಾ ನಾರಾಯಣ್ ಲಾಂಬಾ ಅವರ ಕೈಯಲ್ಲಿ ದುರಸ್ತಿಯಾಗಿ 2016ರಲ್ಲಿ ಮತ್ತೆ ತೆರೆಯಿತು. ಈಗ ಅದು ಥಳಥಳ ಹೊಳೆಯುತ್ತದೆ. ಆದರೆ ಕನ್ನಡಿಗರಾದ ನಮಗೆ ಆ ಕಟ್ಟಡ ಪರಿಚಯವಾದದ್ದು ದೊರೆಯಿಂದಲ್ಲ, ಜಯಂತ ಕಾಯ್ಕಿಣಿಯವರ ‘ಒಪೆರಾ ಹೌಸ್’ ಕಥೆಯಿಂದ. ಆಟ ಮುಗಿದ ಮೇಲೆ ಸೀಟುಗಳ ನಡುವೆ ಕಸ ಗುಡಿಸುವವನಿಗೆ ಯಾರೋ ಬಿಟ್ಟುಹೋದ ಥರ್ಮಾಸ್ ಸಿಗುತ್ತದೆ. ಗುಡಿಸುವವನ ಕಡೆಯಿಂದ ಟಾಕೀಸನ್ನು ನೋಡುವುದು ಎಲ್ಲರಿಗೂ ಹೊಳೆಯುವ ಮಾತಲ್ಲ. ಪ್ರೇಕ್ಷಕರು ಏನು ನೋಡಿದರೆಂದು ವಿಮರ್ಶಕರು ಬರೆಯುತ್ತಾರೆ; ಏನು ಬಿಟ್ಟುಹೋದರೆಂದು ಗೊತ್ತಿರುವುದು ಅವನೊಬ್ಬನಿಗೇ.

ಚಹಾದ ಜೊತೆ ಭಾವನಿಗೆ ಊರಿನ ಅಭಿಮಾನವೂ ಏರಿತು. “ನಮ್ಮ ಬಂಗಾರದ ಮನುಷ್ಯ ಏನು ಕಡಿಮೆಯಾ?” ಎಂದರು. ಕಡಿಮೆಯೇ ಅಲ್ಲ. 1972ರಲ್ಲಿ, ಅಂದರೆ ಇಲ್ಲಿ ‘ಪಾಕೀಜಾ’ ಬಂದ ವರ್ಷವೇ, ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಬಿಡುಗಡೆಯಾದ ‘ಬಂಗಾರದ ಮನುಷ್ಯ’ ಅಲ್ಲಿ ಎರಡು ವರ್ಷ ಓಡಿತು. ಟಿ.ಕೆ. ರಾಮರಾವ್ ಅವರ ಕಾದಂಬರಿ, ಸಿದ್ಧಲಿಂಗಯ್ಯನವರ ನಿರ್ದೇಶನ, ರಾಜಕುಮಾರ್ ರಾಜೀವಪ್ಪನಾಗಿ ಕಲ್ಲುಭೂಮಿಯನ್ನು ಹೊಲ ಮಾಡಿದ್ದು. ಅದನ್ನು ನೋಡಿ ಪಟ್ಟಣದ ಕೆಲಸ ಬಿಟ್ಟು ಹಳ್ಳಿಗೆ ಹೋಗಿ ನೇಗಿಲು ಹಿಡಿದವರ ಕಥೆ ನಮ್ಮಲ್ಲಿ ಮನೆಗೊಂದಿದೆ. ಭಾವನ ಚಿಕ್ಕಮ್ಮನ ಮಗನೂ ಹೋಗಿದ್ದನಂತೆ, ಬಾವಿ ತೋಡಿಸಿದನಂತೆ. “ನೀರು ಬಂತಾ?” ಎಂದೆ. “ಸಿನಿಮಾದಲ್ಲಿ ಬಂತಲ್ಲ” ಎಂದು ಮಾತು ತೇಲಿಸಿದರು. ಸ್ಟೇಟ್ಸ್ ಮುಂದೆ ಭೂಮಿಕಾ ಎಂದು ಹೆಸರು ಬದಲಿಸಿಕೊಂಡಿತು.

ಬೆಂಗಳೂರಿನಲ್ಲಿ ಇಲ್ಲವಾದ ಟಾಕೀಸುಗಳ ಪಟ್ಟಿ ಹೇಳುತ್ತ ಹೋದರೆ ಚಹಾ ತಣ್ಣಗಾಗುತ್ತದೆ. ಎಂ.ಜಿ. ರಸ್ತೆಯಲ್ಲಿ 1936ರಿಂದ ಇದ್ದ ಪ್ಲಾಜಾದ ಜಾಗ ಮೆಟ್ರೊ ನಿಲ್ದಾಣಕ್ಕೆ ಹೋಯಿತು. ಗಾಂಧಿನಗರದ ಬೃಹತ್ ಕಪಾಲಿಯನ್ನು ಕೆಡವಿದರು. ಅದಕ್ಕೂ ಹಿಂದಕ್ಕೆ ಹೋದರೆ, ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’. ಚಿತ್ರೀಕರಣ ನಡೆದದ್ದು ಇದೇ ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ, ಸಂಭಾಷಣೆ, ಹಾಡು ಬೆಳ್ಳಾವೆ ನರಹರಿ ಶಾಸ್ತ್ರಿಗಳದು, ರಾವಣನಾಗಿ ಆರ್. ನಾಗೇಂದ್ರರಾಯರು, ಇಂದ್ರಜಿತುವಾಗಿ ಎಂ.ವಿ. ಸುಬ್ಬಯ್ಯ ನಾಯ್ಡು. 1934ರ ಮಾರ್ಚ್ 3ರಂದು ಬೆಂಗಳೂರು ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಪರದೆ ಮೊದಲ ಬಾರಿ ಕನ್ನಡ ಮಾತಾಡಿತು. ಇಂದು ಆ ಸಿನಿಮಾದ ಒಂದು ಪ್ರತಿಯೂ ಉಳಿದಿಲ್ಲ, ಪ್ಯಾರಾಮೌಂಟೂ ಇಲ್ಲ. ಮಾರ್ಕೆಟ್ ಮಾತ್ರ ಗಟ್ಟಿಯಾಗಿದೆ. ನಮ್ಮ ಚಿಕ್ಕಪ್ಪನಿಗೆ ಹೋದರೆ ಬದನೆಕಾಯಿ ರೇಟು ಸಿಗುತ್ತದೆ.

ಟಾಕೀಸುಗಳು ಯಾಕೆ ಮುಚ್ಚುತ್ತವೆ ಎಂದು ಕೇಳಿದರೆ ಎಲ್ಲರೂ ಟಿ.ವಿ., ಮೊಬೈಲು, ಓಟಿಟಿ ಎನ್ನುತ್ತಾರೆ. ಅದು ಅರ್ಧ ನಿಜ. ಇನ್ನರ್ಧ ನೆಲದ ಬೆಲೆ. ಊರಿನ ನಟ್ಟನಡುವೆ, ಬಸ್ಸು ರೈಲು ಎರಡಕ್ಕೂ ಹತ್ತಿರ, ಮುಂದೆ ವಿಶಾಲವಾದ ಅಂಗಳ ಬೇರೆ. ಟಾಕೀಸಿಗೆ ಬೇಕಾದ ಲಕ್ಷಣಗಳೆಲ್ಲ ಮಾಲ್‌ಗೂ ಬೇಕು. ಸಾವಿರ ಸೀಟಿನಲ್ಲಿ ಎಂಬತ್ತು ಜನ ಕೂತಿದ್ದರೂ ಕರೆಂಟು ಬಿಲ್ಲು ಸಾವಿರ ಸೀಟಿನದ್ದೇ ಬರುತ್ತದೆ, ಗೇಟಿನವನಿಗೂ ಕ್ಯಾಬಿನ್ನಿನವನಿಗೂ ಪೂರ್ತಿ ಸಂಬಳವೇ ಕೊಡಬೇಕು. ಮಾಲೀಕನ ಮಕ್ಕಳು ಒಂದು ದಿನ ಕ್ಯಾಲ್ಕುಲೇಟರ್ ಹಿಡಿದು ಕೂತರೆ ಅಲ್ಲಿಗೆ ‘ಶುಭಂ’. ಅವರನ್ನು ಬೈದು ಫಲವಿಲ್ಲ. ಒಡೆಯುವ ದಿನ ಅಲ್ಲಿ ಹೋಗಿ ಸೆಲ್ಫಿ ತೆಗೆದುಕೊಂಡು, ‘ನನ್ನ ಬಾಲ್ಯವೇ ಕುಸಿಯಿತು’ ಎಂದು ಬರೆಯುವವರಲ್ಲಿ ಹಿಂದಿನ ಹತ್ತು ವರ್ಷ ಎಷ್ಟು ಮಂದಿ ಟಿಕೆಟ್ ಕೊಂಡಿದ್ದರು ಎಂದು ಕೇಳಬೇಕು.

ಮರಾಠಾ ಮಂದಿರವನ್ನು ಇಷ್ಟು ಕಾಲ ನಡೆಸಿದವರು ಅಂಥ ಬಾಲ್ಯಪ್ರೇಮಿಗಳಲ್ಲ. ರೈಲಿಗೆ ಕಾಯುವವರು, ಪಾಳಿ ಮುಗಿಸಿದವರು, ಮನೆಯಲ್ಲಿ ಜಾಗವಿಲ್ಲದ ಪ್ರೇಮಿಗಳು, ಮಧ್ಯಾಹ್ನದ ಬಿಸಿಲಿಗೆ ನೆರಳು ಬೇಕಾದವರು. ಅವರಲ್ಲಿ ಯಾರೂ ಪರಂಪರೆ ಉಳಿಸಲು ಬಂದವರಲ್ಲ. ನಾಳೆಯೂ ಇರುತ್ತದೆ ಎಂದು ಮನೆಯಲ್ಲಿ ಕೂತ ನಮ್ಮ ಭಾವನಂಥವರಿಂದ ಒಂದು ಆಟವೂ ನಡೆಯುತ್ತಿರಲಿಲ್ಲ. ಅವತ್ತು ಟಿಕೆಟ್ ಕೊಂಡವರಿಂದ ಅವತ್ತಿನ ಆಟ ನಡೆಯಿತು, ಹಾಗೆ ಮೂವತ್ತು ವರ್ಷವಾಯಿತು. ಶಿಲ್ಪ, ಮೆಟ್ಟಿಲು, ದೀಪ, ಆನೆ ಎಲ್ಲವೂ ಚೆನ್ನ. ಆದರೆ ಟಾಕೀಸಿನ ಪರಂಪರೆ ಇರುವುದು ಕುರ್ಚಿಗಳಲ್ಲಿ, ಅದೂ ಯಾರಾದರೂ ಬಂದು ಕೂತರೆ ಮಾತ್ರ.

ನಿಮ್ಮೂರಿನಲ್ಲಿಯೂ ಒಂದು ಹಳೆಯ ಟಾಕೀಸು ಇನ್ನೂ ನಡೆಯುತ್ತಿರಬಹುದು. ಸೀಟಿನ ಸ್ಪ್ರಿಂಗು ಒತ್ತುತ್ತದೆ, ಫ್ಯಾನು ಕಿರಗುಟ್ಟುತ್ತದೆ, ಕಡಲೆಕಾಯಿ ಸಿಪ್ಪೆ ಕಾಲಿಗೆ ಸಿಗುತ್ತದೆ, ಎಲ್ಲ ಸರಿ. ಸಿನಿಮಾ ಯಾವುದಾದರೂ ಇರಲಿ, ಈ ವಾರ ಮನೆಯವರನ್ನು ಕರೆದುಕೊಂಡು ಒಂದು ಆಟಕ್ಕೆ ಹೋಗಿ. ಬಾಲ್ಕನಿ ಟಿಕೆಟ್ಟೇ ತೆಗೆದುಕೊಳ್ಳಿ, ಅಂಥ ದುಬಾರಿಯೇನಲ್ಲ.